ಬೆಡ್‌ಶೀಟಿನ ಆಚೆ ತುದಿ

“ಓನರ್ ಅಂದ್ರೆ ಈ ಬಿಲ್ಡಿಂಗೆಲ್ಲ ನಿನ್ನ ಹೆಸರಿಗೆ ಬರ್ದುಕೊಡ್ತಾರಾ ಅಕ್ಕ?” ಎಂದು ಕೇಳಿದವಳು ಗಾಡಿಯವಳು, ಕೊಳೆಬಟ್ಟೆಯ ಗಾಡಿ ತಳ್ಳುವವಳು.

“ಬಿಲ್ಡಿಂಗ್ ಯಾಕೆ, ಆ ಮೂಲೆ ಫ್ಯಾನ್ ಒಂದನ್ನ ಬರ್ದುಕೊಟ್ರೆ ಸಾಕು,” ಅಂದಳು ಅಕ್ಕ.

ನಾವೆಲ್ಲ ನಕ್ಕೆವು. ನಮ್ಮದು ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿ. ಒಂದು ಕಡೆ ಒಗೆಯುವ ಯಂತ್ರಗಳು, ನಡುವೆ ನಾನು ನಿಲ್ಲುವ ಇಸ್ತ್ರಿ ಉರುಳೆ, ಈ ಕಡೆ ಮಡಿಸುವವರ ಉದ್ದನೆಯ ಮೇಜುಗಳು. ಉರುಳೆಯಿಂದ ಹೊರಬರುವ ಬೆಡ್‌ಶೀಟು ಒಲೆಯಿಂದ ಇಳಿಸಿದ ಹಾಗೆ ಸುಡುತ್ತದೆ. ಅದನ್ನು ಹಿಡಿದು ಹಿಡಿದು ಮಡಿಸುವವರ ಬೆರಳ ಗೆರೆಗಳೇ ಸವೆದುಹೋಗಿವೆ. ಬಾಗಿಲಲ್ಲಿರುವ ಬೆರಳೊತ್ತುವ ಹಾಜರಿ ಯಂತ್ರ ಅವರನ್ನು ಗುರುತಿಸುವುದೇ ಇಲ್ಲ. ದಿನಾ ಬೆಳಿಗ್ಗೆ ಕಾವಲುಗಾರ ಬಂದು, ಇವರು ನಮ್ಮವರೇ ಎಂದು ಅದಕ್ಕೆ ಹೇಳಬೇಕು.

ಅಕ್ಕ ಅಲ್ಲಿ ಇಪ್ಪತ್ತೆರಡು ವರ್ಷ ಮಡಿಸಿದವಳು. ಆಸ್ಪತ್ರೆಯ ಶೀಟು ಒಬ್ಬರ ಕೈಗೆ ಬಗ್ಗುವ ಬಟ್ಟೆಯಲ್ಲ, ಇಬ್ಬರು ಬೇಕು. ಈಚೆ ತುದಿ ಅಕ್ಕನದು. ಆಚೆ ತುದಿ ಅವಳ ನಾದಿನಿಯದು. ನಾದಿನಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮಗಳನ್ನು ಎತ್ತಿಕೊಂಡು ಅಣ್ಣನ ಮನೆಗೆ ಬಂದವಳು. ಅಕ್ಕನೇ ಅವಳನ್ನು ಇಲ್ಲಿಗೆ ಸೇರಿಸಿದ್ದು. ನಾದಿನಿ ಶೀಟನ್ನು ಎಳೆದು, ಕೊಡವಿ, ಎರಡು ಮೂಲೆ ಹಿಡಿದು ನಡೆದು ಬಂದು ಅಕ್ಕನ ಕೈಗೆ ಕೊಡುತ್ತಾಳೆ. ಅಕ್ಕ ಕೊನೆಯ ಮಡಿಕೆ ಹಾಕಿ ರಾಶಿಯ ಮೇಲೆ ಇಡುತ್ತಾಳೆ. ಅಷ್ಟರಲ್ಲಿ ನಾದಿನಿ ಮತ್ತೆ ಆಚೆ ತುದಿಯಲ್ಲಿರುತ್ತಾಳೆ. ಅವರು ಮಾತೇ ಆಡುವುದಿಲ್ಲ. ಎಳೆತದಲ್ಲೇ ಒಬ್ಬಳ ಸುಸ್ತು ಇನ್ನೊಬ್ಬಳಿಗೆ ತಿಳಿಯುತ್ತದೆ. ಅಂಥ ಹದಿನಾಲ್ಕು ಜೋಡಿಗಳು ನಮ್ಮಲ್ಲಿ.

ಎಷ್ಟು ಶೀಟು ಮಡಿಸಿದರೆಂದು ಮೇಸ್ತ್ರಿ ಅಂದಾಜಿನ ಮೇಲೆ ಬರೆಯುತ್ತಿದ್ದ. ಅವನ ಅಂದಾಜು ಯಾವತ್ತೂ ಮೇಲಕ್ಕೆ ಹೋದದ್ದಿಲ್ಲ. ಹಾಗಾಗಿ ಕಂಪನಿ ಎಣಿಸುವ ಸ್ಕ್ರೀನು ಮಾಡಿಸುತ್ತದೆ ಎಂದಾಗ ನಮಗೂ ಖುಷಿಯೇ ಆಯಿತು. ಅದನ್ನು ಮಾಡುವವರಿಗೆ ಏನು ಬೇಕು, ಏನು ಬೇಡ ಎಂದು ಹೇಳಲು ಕೆಲಸದವರಲ್ಲೇ ಒಬ್ಬರು ಬೇಕಂತೆ. ಆ ಕುರ್ಚಿಗೆ ಪ್ರಾಡಕ್ಟ್ ಓನರ್ ಅಂತ ಹೆಸರಂತೆ. ಅಕ್ಕನನ್ನು ಆರಿಸಿದರು. ಅಲ್ಲಿಯವರೆಗೆ ‘ಏಯ್’ ಎನ್ನುತ್ತಿದ್ದ ಮ್ಯಾನೇಜರ್ ಅವತ್ತಿನಿಂದ ‘ಮೇಡಂ’ ಎನ್ನತೊಡಗಿದ.

ಆರು ಮಧ್ಯಾಹ್ನ ಮೇಲಿನ ತಣ್ಣನೆಯ ಕೋಣೆಯಲ್ಲಿ ಪಾಠ. ಕಲಿಸುವವರನ್ನು ನಾವು ಮೇಷ್ಟ್ರು ಎಂದೇ ಕರೆದೆವು. ಅಕ್ಕ ಕೆಳಗಿಳಿದು ಬಂದ ಕೂಡಲೇ ಚಹಾ ಹೊತ್ತಿಗೆ ನಮಗೂ ಅದೇ ಪಾಠ. ಯಾರು ಏನು ಬೇಕೆಂದರೂ ಯಾಕೆ ಎಂದು ಕೇಳಬೇಕು. ಯಾರಿಗೆ ಬೇಕು, ಏನು ಬೇಕು, ಯಾಕೆ ಬೇಕು ಎಂದು ಒಂದು ಕಾರ್ಡಿನಲ್ಲಿ ಬರೆಯಬೇಕು. ಕಾರ್ಡುಗಳನ್ನು ಒಂದರ ಕೆಳಗೊಂದು ಜೋಡಿಸಬೇಕು. ತುತ್ತತುದಿಯಲ್ಲಿ ಒಂದೇ ಇರಬೇಕು, ಎರಡಕ್ಕೆ ಜಾಗವಿಲ್ಲ. ಕೆಲಸ ಮುಗಿಯಿತು ಅನ್ನುವುದು ಹೇಗೆಂದು ಮೊದಲೇ ಕರಾರು ಬರೆದಿಡಬೇಕು. ಹದಿನೈದು ದಿನಕ್ಕೊಮ್ಮೆ ಮಾಡಿದ್ದನ್ನು ಬಳಸುವವರ ಮುಂದೆ ತೋರಿಸಬೇಕು. ಕರಾರಿನ ಪ್ರಕಾರ ಇಲ್ಲದಿದ್ದರೆ ಓನರ್ ಬೇಡ ಅನ್ನಬೇಕು.

“ಈ ‘ಬೇಡ’ ಅನ್ನೋದೇ ಕಷ್ಟದ ಪಾಠ ಕಣ್ರೇ,” ಅಂದಳು ಅಕ್ಕ. “ಇಪ್ಪತ್ತೆರಡು ವರ್ಷದಲ್ಲಿ ಬಾಯಿಗೆ ಒಂದು ಸಲಾನೂ ಬಂದಿಲ್ಲ.”

ಮನೆಯಲ್ಲೇ ಅಭ್ಯಾಸ ಶುರು ಮಾಡಿದಳಂತೆ. ಗಂಡನ ಹರಿದ ಚಪ್ಪಲಿ ಹೊಲಿಸುವ ಕೆಲಸ ಪಟ್ಟಿಯಲ್ಲಿ ಒಂಬತ್ತನೆಯದಾಗಿ, ಅವನು ಮೂರು ದಿನ ಮುಖ ಊದಿಸಿಕೊಂಡು ಬರಿಗಾಲಲ್ಲಿ ಓಡಾಡಿದನೆಂದು ನಾದಿನಿ ನಗುತ್ತ ಹೇಳಿದಳು. ಅವರಿಬ್ಬರೂ ಜೊತೆಯಲ್ಲಿ ನಕ್ಕದ್ದನ್ನು ನಾನು ಅವತ್ತು ನೋಡಿದ್ದೇ ಕೊನೆ.

ಅಕ್ಕ ನಮ್ಮನ್ನೆಲ್ಲ ಕೇಳಿ, ಬಟ್ಟೆಗೆ ಕಟ್ಟುವ ಚೀಟಿಗಳ ಹಿಂಬದಿಯಲ್ಲಿ ಬರೆದುಕೊಂಡಳು. ತುತ್ತತುದಿಗೆ ಇಟ್ಟಿದ್ದು, ನೀರು ಕುಡಿಯಲು, ಶೌಚಕ್ಕೆ ಹೋದಾಗ ಎಣಿಕೆ ನಿಲ್ಲಬೇಕು, ಆ ಹೊತ್ತು ಲೆಕ್ಕಕ್ಕೆ ಸೇರಬಾರದು ಎಂಬ ಚೀಟಿ. ಮ್ಯಾನೇಜರ್ ನೋಡಿದ, ಮುಗುಳ್ನಕ್ಕ. ಎಣಿಕೆಯೇ ಇಲ್ಲದೆ ಎಣಿಕೆ ನಿಲ್ಲಿಸುವುದು ಹೇಗೆ ಮೇಡಂ ಎಂದ. ಅಕ್ಕನಿಗೆ ಮಾತು ಸರಿ ಅನ್ನಿಸಿತು. ಬೇಡ ಅನ್ನಲು ಅವಳ ನಾಲಿಗೆ ಏಳಲಿಲ್ಲ. ಶೀಟು ಎಣಿಸುವ ಕಾರ್ಡು ಮೇಲಕ್ಕೆ ಬಂತು. ಅಕ್ಷರ ಅಕ್ಕನದೇ:

‘ಮಡಿಸುವವಳಾದ ನನಗೆ, ನಾನು ಮಡಿಸಿದ ಪ್ರತಿ ಶೀಟೂ ನನ್ನ ಹೆಸರಿಗೆ ಬರಬೇಕು. ಯಾಕೆಂದರೆ ಮೇಸ್ತ್ರಿ ಕಡಿಮೆ ಬರೆಯುತ್ತಾನೆ. ಕರಾರು: ಶೀಟನ್ನು ರಾಶಿಯ ಮೇಲಿಟ್ಟ ಕೈಗೆ ಒಂದು ಎಂದು ಸೇರಬೇಕು.’

ಬೆರಳು ಗುರುತಾಗದ್ದಕ್ಕೆ ಎಲ್ಲರ ಮಣಿಕಟ್ಟಿಗೂ ಒಂದೊಂದು ಎಣಿಸುವ ಕೈಪಟ್ಟಿ ಕೊಟ್ಟರು. ಗೋಡೆಗೆ ಸ್ಕ್ರೀನು ಬಂತು. ಮೊದಲ ದಿನ ಸಂಜೆ ಎಲ್ಲರೂ ಕತ್ತೆತ್ತಿ ನೋಡಿದೆವು. ಅಕ್ಕ ಎಲ್ಲರಿಗಿಂತ ಮೇಲೆ, ನಾನೂರ ಹದಿನೆಂಟು. ಎಲ್ಲರಿಗಿಂತ ಕೆಳಗೆ ಅವಳ ನಾದಿನಿ, ಸೊನ್ನೆ. ಆಚೆ ತುದಿಯ ಹದಿನಾಲ್ಕು ಜನರಿಗೂ ಸೊನ್ನೆ.

ಮೊದಲು ನಾವು ಕೆಲವರು ನಕ್ಕೆವು. ಗೋಡೆಗೆ ಒಂದೇ ಕಣ್ಣು ಅಂತ ಕಾಣುತ್ತೆ ಎಂದಳು ಗಾಡಿಯವಳು. ಮ್ಯಾನೇಜರ್ ನಗಲಿಲ್ಲ. ಆ ಸೊನ್ನೆಗಳನ್ನು ಬಹಳ ಹೊತ್ತು ನೋಡಿದ. ಮೂರನೆಯ ದಿನ ಬಾಗಿಲಲ್ಲಿ ನೋಟೀಸು. ಪರೀಕ್ಷೆ ಮುಗಿದು ಸ್ಕ್ರೀನು ಒಪ್ಪಿಗೆಯಾದ ಮೇಲೆ, ಎಣಿಕೆಯಲ್ಲಿ ಬರದವರನ್ನು ಕೆಲಸದಿಂದ ತೆಗೆಯಲಾಗುವುದು. ಉಳಿದವರು ಒಬ್ಬೊಬ್ಬರೇ ಮಡಿಸತಕ್ಕದ್ದು. ಅದರ ಪಕ್ಕದಲ್ಲೇ ಅಕ್ಕನ ಕಾರ್ಡನ್ನು ದೊಡ್ಡದು ಮಾಡಿ ಅಂಟಿಸಿದ್ದರು, ಇದು ಕೆಲಸದವರೇ ಕೇಳಿದ ವ್ಯವಸ್ಥೆ ಎಂಬ ತಲೆಬರಹ ಬೇರೆ.

ಅವತ್ತು ನಾದಿನಿ ಶೀಟು ಎಳೆದ ರೀತಿಯೇ ಬೇರೆ ಇತ್ತಂತೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ನಾನೂ ಇದ್ದೆ. ಅವಳು ತನ್ನ ಕೈಪಟ್ಟಿ ಬಿಚ್ಚಿ ಬೆಂಚಿನ ಮೇಲೆ ಇಟ್ಟಳು.

“ಅತ್ತಿಗೆ, ಇಷ್ಟು ವರ್ಷ ನಿಮ್ಮೆದುರಿಗೆ ನಿಂತಿದ್ದು ಯಾರು?”

ಅಕ್ಕ ತನ್ನ ಅಂಗೈ ನೋಡಿಕೊಂಡಳು. “ಬರೀವಾಗ ಕಣ್ಮುಂದೆ ನನ್ನ ಕೈ ಮಾತ್ರ ಬಂತು ಕಣೆ. ನೀನು ಇದ್ದೇ ಇರ್ತೀಯ ಅಂದ್ಕೊಂಡುಬಿಟ್ಟೆ.”

“ಇದ್ದೇ ಇರ್ತೀನಿ ಅಂತ ಅವರೂ ಅಂದ್ಕೋಬೇಕಲ್ಲ,” ಎಂದು ನಾದಿನಿ ಹೊರಟುಹೋದಳು. ಒಂದೇ ಮನೆಗೆ ಹೋಗುವವರು ಅವತ್ತು ಬೇರೆಬೇರೆ ಹೋದರು.

ಮರುದಿನ ಅಕ್ಕ ಸಾಫ್ಟ್‌ವೇರ್ ಮಾಡುವ ಗಡ್ಡದವನ ಹತ್ತಿರ ಹೋದಳು. ಒಂದು ಶೀಟಿಗೆ ಇಬ್ಬರ ಕೈಪಟ್ಟಿಯನ್ನೂ ಎಣಿಸುವುದು ಎರಡು ದಿನದ ಕೆಲಸ ಅಷ್ಟೇ ಎಂದ ಅವನು. ಆದರೆ ಅದನ್ನು ಮುಟ್ಟಕೂಡದೆಂದು ಮ್ಯಾನೇಜರ್ ಹೇಳಿದ್ದಾನೆ. ಕಾರ್ಡು ಜೋಡಿಸುವವಳು ನಾನಲ್ಲವಾ ಎಂದಳು ಅಕ್ಕ. ಪುಸ್ತಕದಲ್ಲಿ ಹಾಗೇ ಇದೆ ಎಂದು ಅವನು ತಲೆ ತಗ್ಗಿಸಿದ. ಆಮೇಲೆ ಸುತ್ತ ನೋಡಿ ದನಿ ಇಳಿಸಿದ.

“ತೋರಿಸೋ ದಿನ ನೀವು ಒಪ್ಪಿದೆ ಅನ್ಬೇಕು ಅಕ್ಕಾ. ಅನ್ನದೇ ಇದ್ರೆ ಅದು ಮುಗಿದ ಕೆಲಸ ಅಂತ ನಾನು ಬರೆಯೋಕಾಗಲ್ಲ. ನನ್ನ ಕೈಲಿರೋದು ಅಷ್ಟೇ.”

ತೋರಿಸುವ ದಿನ ಬಂತು. ಮೇಲಿನ ಕೋಣೆಯಲ್ಲಿ ಮಾಡಬೇಕೆಂದಿದ್ದರು. ಬಳಸುವವರು ಕೆಳಗಿದ್ದಾರೆ, ಆದ್ದರಿಂದ ಕೆಳಗೇ ಆಗಬೇಕೆಂದು ಅಕ್ಕ ಹಟ ಹಿಡಿದಳು. ಕಂಪನಿಯ ಇಬ್ಬರು ದೊಡ್ಡವರು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ನಿಂತರು. ಗಡ್ಡದವನು ಎಲ್ಲರ ಎಣಿಕೆಯನ್ನೂ ಸೊನ್ನೆಗೆ ತಂದ.

“ಮೇಡಂ, ಒಪ್ಪಿದೆ ಅಂತ ಒಂದು ಮಾತು ಹೇಳಿಬಿಡಿ. ಇವರು ಹೊರಡಬೇಕು,” ಎಂದ ಮ್ಯಾನೇಜರ್.

“ಮಾಡಿ ನೋಡ್ದೆ ಒಪ್ಪಬಾರದು ಅಂತ ಮೇಷ್ಟ್ರು ಹೇಳ್ಕೊಟ್ಟಿದ್ದಾರೆ ಸರ್.”

ಅವಳು ನಾದಿನಿಗೆ ಪಕ್ಕಕ್ಕೆ ನಿಲ್ಲುವಂತೆ ಸನ್ನೆ ಮಾಡಿದಳು. ಉರುಳೆಯಿಂದ ಬಂದ ಶೀಟನ್ನು ಒಬ್ಬಳೇ ಹಿಡಿದಳು. ತೋಳು ಎಷ್ಟು ಎತ್ತಿದರೂ ಆಚೆ ತುದಿ ಜಾರಿ ಒದ್ದೆ ನೆಲಕ್ಕೆ ಬಿತ್ತು. ಅಲ್ಲಿ ನಮ್ಮೆಲ್ಲರ ಚಪ್ಪಲಿಯ ಗುರುತುಗಳಿದ್ದವು. ಅಕ್ಕ ಅದನ್ನು ಎಳೆದು ಮಡಿಸಿ ರಾಶಿಯ ಮೇಲಿಟ್ಟಳು. ಗೋಡೆ ಒಂದು ಎಂದಿತು. ಇನ್ನೊಂದು ಹಿಡಿದಳು. ಗೋಡೆ ಎರಡು ಎಂದಿತು. ಮೂರನೆಯದು ರಾಶಿ ಸೇರುವ ಹೊತ್ತಿಗೆ ಅವಳ ಮುಖವೆಲ್ಲ ಬೆವರು, ಶೀಟಿನ ಅಂಚಿಗೆಲ್ಲ ಕಪ್ಪು ಕೆಸರು. ನೆಲ ಮುಟ್ಟಿದ ಶೀಟು ಮತ್ತೆ ಒಗೆಯಲು ಹೋಗಬೇಕು, ಅದು ನಮ್ಮಲ್ಲಿ ಮೊದಲ ದಿನವೇ ಕಲಿಸುವ ಪಾಠ.

“ನಿಮ್ಮ ಸ್ಕ್ರೀನು ಮೂರು ಅಂತಿದೆ,” ಎಂದಳು ಅಕ್ಕ, ಏದುಸಿರಲ್ಲೇ. “ಈ ಮೂರರ ಮೇಲೆ ನಿಮ್ಮನೆ ರೋಗೀನ ಮಲಗಿಸ್ತೀರಾ? ಇದು ಮುಗಿದಿಲ್ಲ. ನಾನು ಒಪ್ಪಲ್ಲ.”

“ಆ ಕಾರ್ಡ್ ಬರ್ದೋಳು ನೀನೇ ತಾನೆ?” ಎಂದ ಮ್ಯಾನೇಜರ್. ಮೇಡಂ ಹೋಗಿ ನೀನು ಬಂದಿತ್ತು.

“ನಾನೇ. ಬರೀವಾಗ ಆಚೆ ತುದಿ ಮರ್ತೆ, ಆ ತಪ್ಪು ನನ್ನದು. ಅದೇ ತಪ್ಪು ಹಿಡ್ಕೊಂಡು ಹದಿನಾಲ್ಕು ಜನನ್ನ ಮನೆಗೆ ಕಳಿಸೋದು ನಿಮ್ಮದು. ಅದಕ್ಕೆ ನನ್ನ ಹೆಸರು ಹಾಕ್ಬೇಡಿ.”

ಅವನು ಅವಳ ಕಡೆ ನೋಡುವುದನ್ನೇ ಬಿಟ್ಟ. ಓನರ್ ಬದಲಾಯಿಸಲು ಒಂದು ನಿಮಿಷ ಸಾಕು ಎಂದು ದೊಡ್ಡವರಿಗೆ ಹೇಳಿ, ನನ್ನ ಕಡೆ ತಿರುಗಿದ.

“ಇಸ್ತ್ರಿಯವಳೇ, ನೀನು ಬಾ. ಒಪ್ಪಿದೆ ಅನ್ನು.”

ಉರುಳೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದೆ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಆದರೂ ಬಾಯಿ ತೆರೆದಾಗ ಬಂದದ್ದು ಬೇರೆ ಮಾತು.

“ನನ್ನ ಪಟ್ಟೀಲೂ ಆಚೆ ತುದಿಯವರೇ ಮೇಲಿದ್ದಾರೆ ಸರ್.”

“ನನ್ನದರಲ್ಲೂ,” ಎಂದಳು ಹಿಂದಿನಿಂದ ಗಾಡಿಯವಳು.

ಮುಗಿಯಿತೆಂದು ಬರೆಯಬೇಕಿದ್ದ ಗಡ್ಡದವನ ಪೆನ್ನು ಹಾಗೇ ನಿಂತಿತ್ತು. ಪಕ್ಕದಲ್ಲಿದ್ದ ನಾದಿನಿ ಬಂದು, ರಾಶಿಯಿಂದ ಆ ಮೂರೂ ಶೀಟುಗಳನ್ನು ತೆಗೆದು ಗಾಡಿಗೆ ಹಾಕಿದಳು. ಆಮೇಲೆ ತನ್ನ ಜಾಗಕ್ಕೆ ಹೋಗಿ ನಾಲ್ಕನೆಯ ಶೀಟಿನ ಆಚೆ ತುದಿ ಹಿಡಿದಳು. ಅಕ್ಕ ಈಚೆ ತುದಿ ಹಿಡಿದಳು. ಇಬ್ಬರೂ ಎಳೆದರು, ಮಡಿಸಲಿಲ್ಲ. ಉಳಿದ ಹದಿಮೂರು ಮೇಜುಗಳಲ್ಲೂ ಶೀಟುಗಳು ಗಾಳಿಯಲ್ಲಿ ಹಾಗೇ ನಿಂತವು. ನಾನು ಹೋಗಿ ಉರುಳೆಯ ಕೆಂಪು ಗುಂಡಿ ಒತ್ತಿದೆ. ಅದು ತಿರುಗುವುದನ್ನು ನಿಲ್ಲಿಸಲು ಸ್ವಲ್ಪ ಹೊತ್ತು ಹಿಡಿಯಿತು.