ಬಾಯ್ಲರ್ ಕೋಣೆಯ ಬಂದಗಿಸಾಬ

ಇಡೀ ಆಲಮೇಲದಲ್ಲಿ ಸಮುದ್ರ ಕಂಡವನು ಬಂದಗಿಸಾಬ ಒಬ್ಬನೇ. ದೊಡ್ಡ ಲಡಾಯಿಯ ಕಾಲದಲ್ಲಿ ಮೂರು ವರ್ಷ ಯುದ್ಧದ ಹಡಗಿನಲ್ಲಿದ್ದು ಬಂದವನು. ಭೀಮೆಯ ಹರಗೋಲು ಬಿಟ್ಟರೆ ಬೇರೇನೂ ಕಾಣದ ಊರಿಗೆ ಅಷ್ಟು ಸಾಕು. ಸಿದ್ದರಾಯನ ಚಹಾದಂಗಡಿಯಲ್ಲಿ ಅವನು ಬಾಯಿ ತೆರೆದರೆ ತೋಪುಗಳು ಸಿಡಿಯುತ್ತಿದ್ದವು, ನಡುಗಡಲಲ್ಲಿ ಜಪಾನಿ ವಿಮಾನಗಳು ಬಾಂಬು ಸುರಿಯುತ್ತಿದ್ದವು, ಚಹಾ ಪುಕ್ಕಟೆ ಬರುತ್ತಿತ್ತು.

ಒಂದು ಮಾತನ್ನು ಮಾತ್ರ ಅವನು ಹದಿನೇಳು ವರ್ಷ ನುಂಗಿಕೊಂಡೇ ಬಂದಿದ್ದ. ಹಡಗಿನಲ್ಲಿ ಅವನ ಕೆಲಸ ಬಾಯ್ಲರಿಗೆ ಕಲ್ಲಿದ್ದಲು ಹಾಕುವುದು. ಲಡಾಯಿ ಶುರುವಾಯಿತೆಂದರೆ ಮೇಲಿನ ಬಾಗಿಲು ಮುಚ್ಚುತ್ತಿದ್ದರು. ಪಾಪ, ಕೆಳಗೆ ಬೆಂಕಿಯ ಮುಂದೆ ಸಲಿಕೆ ಹಿಡಿದು ನಡುಗಿದವನೇ ಹೊರತು ಅವನು ಒಂದು ಗುಂಡು ಹಾರಿದ್ದನ್ನೂ ಕಣ್ಣಾರೆ ಕಂಡವನಲ್ಲ.

ಗೋವಾ ನಮ್ಮದಾದ ಮರುತಿಂಗಳು ಅವನ ಭಾವಿ ಅಳಿಯ ಅಮೀನುದ್ದೀನ ರಜೆಯ ಮೇಲೆ ಬಂದ. ಸಿಂದಗಿಯ ಬಟ್ಟೆ ವ್ಯಾಪಾರಿ ಅಬ್ದುಲಗನಿಯ ಮಗ. ವಿಲಾಯತಿಯಿಂದ ಹೊಸದಾಗಿ ಬಂದ ದೊಡ್ಡ ಯುದ್ಧನೌಕೆಯಲ್ಲಿ ನೌಕರಿ. ಬಂದಗಿಸಾಬನ ಮಗಳು ಶಮ್ಶುನ್ನೀಸಾಳಿಗೆ ಅವನೆಂದು ನಿಶ್ಚಯಿಸಿ ಸಕ್ಕರೆ ಹಂಚಿ ವರ್ಷವಾಗಿತ್ತು. ರಜೆ ಮುಗಿಯುವುದರೊಳಗೆ ನಿಕಾ ಆಗಬೇಕು. ದಿನ ಗೊತ್ತುಮಾಡಲು ತಂದೆ ಮಗ ಆಲಮೇಲಕ್ಕೆ ಬಂದು, ಮೊದಲು ಚಹಾದಂಗಡಿಯಲ್ಲಿ ಕೂತರು. ಜನ ಹಡಗಿನ ಸುದ್ದಿ ಕೇಳದೆ ಬಿಟ್ಟಾರೆಯೇ?

"ನಮ್ಮ ಹಡಗದ ಮ್ಯಾಲ ವಿಮಾನ ಇಳೀತಾವರಿ," ಎಂದ ಹುಡುಗ. "ಇಳಿಯೂ ಮುಂದ ಬಾಲದ ಕೊಂಡಿ ತಂತಿ ಹಗ್ಗಕ್ಕ ಸಿಕ್ಕೊಂಡು ನಿಂದರ್ತಾವ. ಆ ಹಗ್ಗ ನೋಡ್ಕೊಳ್ಳೂದ ನನ್ನ ಕೆಲಸ."

ಅಂಗಡಿ ಗೊಳ್ಳೆಂದು ನಕ್ಕಿತು.

"ಹೋರಿಗಿ ಹಗ್ಗ ಹಾಕಿದಂಗ ವಿಮಾನಕ್ಕ ಹಗ್ಗ!" ಎಂದ ಸಿದ್ದರಾಯ. "ಬಂದಗಿಸಾಬ್ರ, ಇದು ಖರೇ ಏನ್ರಿ? ನೀವು ಒಂದಿನಾನೂ ಹೇಳಲಿಲ್ಲಲ್ಲ?"

ಖರೆಯೆಂದು ಬಂದಗಿಸಾಬನಿಗೆ ಗೊತ್ತಿತ್ತು. ಅಂಥ ಹಡಗುಗಳಿವೆಯೆಂದು ಜೊತೆಗಾರರು ಅಂದೇ ಹೇಳಿದ್ದರು. ಆದರೆ ಹೌದೆಂದರೆ ಮುಂದಿನ ಪ್ರಶ್ನೆ ಕಾದಿತ್ತು: ಮತ್ತೆ ನೀವು ಅಲ್ಲಿ ನೋಡಿದ್ದೇನು?

"ಸುಳ್ಳು," ಎಂದ. "ಹುಡುಗ ಬಡಾಯಿ ಕೊಚ್ಚಾಕತ್ತಾನ."

ಅಮೀನುದ್ದೀನ ಅವನ ಮುಖ ನೋಡಿದ, ಆಮೇಲೆ ಮುಂಗೈಯ ಹಳೆಯ ಸುಟ್ಟ ಕಲೆಗಳನ್ನು ನೋಡಿದ. ಏನೂ ಅನ್ನದೆ ತಲೆ ತಗ್ಗಿಸಿದ. ಅಬ್ದುಲಗನಿ ಎದ್ದು ನಿಂತ.

"ನಾಕ ಮಂದ್ಯಾಗ ನನ್ನ ಮಗನ್ನ ಸುಳ್ಳಬುರಕ ಅಂದ್ರಿ, ಬೀಗರ. ಸುಳ್ಳಬುರಕಗ ಹೆಣ್ಣು ಯಾಕ ಕೊಡ್ತೀರಿ?"

ಮೂರನೆಯ ದಿನ, ಹಂಚಿದಷ್ಟೇ ತೂಕದ ಸಕ್ಕರೆ ಸಿಂದಗಿಯಿಂದ ಬಂದಗಿಸಾಬನ ಮನೆಗೆ ತಿರುಗಿ ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತನ್ನ ಮಗಳ ಬಾಳಿಗೆ ತಾನೇ ಕಲ್ಲು ಹಾಕಿದೆನೆಂದು ಅವನಿಗೆ ಗೊತ್ತಿತ್ತು. ಆದರೂ ದಿನಾ ಅಂಗಡಿಗೆ ಹೋಗಿ ಕೂತ.

ಶಮ್ಶುನ್ನೀಸಾ ಅಳಲಿಲ್ಲ. ಮೂರು ವಾರ ಕಳೆದ ಮೇಲೆ ಒಂದು ಸಂಜೆ ರೊಟ್ಟಿ ಬಡಿಯುತ್ತ ಕೇಳಿದಳು:

"ಅಬ್ಬಾ, ಸುತ್ತ ನೆಲಾನ ಇಲ್ಲದ ನಡುಗಡಲದಾಗ ನಿಮ್ಮ ಮ್ಯಾಲ ಬಾಂಬ ಹಾಕಿದ ವಿಮಾನ ಎಲ್ಲಿಂದ ಎದ್ದು ಬಂದಿದ್ದವು?"

ಬಂದಗಿಸಾಬ ಕೈಯೊಳಗಿನ ತುತ್ತನ್ನು ತಾಟಿನಲ್ಲಿಟ್ಟು ಎದ್ದ. ಮರುದಿನ ಮೊದಲ ಬಸ್ಸಿಗೆ ಸಿಂದಗಿಗೆ ಹೋದ. ಬಾಯ್ಲರ್ ಕೋಣೆ, ಮುಚ್ಚಿದ ಬಾಗಿಲು, ಎಲ್ಲವನ್ನೂ ಅಬ್ದುಲಗನಿಯ ಮುಂದೆ ಹೇಳಿ, ತಪ್ಪಾಯಿತೆಂದು ಕೈಮುಗಿದ.

"ನಮ್ಮ ಹುಡುಗಗ ಅವತ್ತ ಗೊತ್ತಾಗಿತ್ತರಿ," ಎಂದ ಅಬ್ದುಲಗನಿ. "ಇವು ಬಾಯ್ಲರ್ ಮುಂದ ದುಡದ ಕೈ, ಮ್ಯಾಲಿಂದು ಏನೂ ನೋಡಿಲ್ಲ ಪಾಪ, ಅಂದ. ಮತ್ತ ಅಲ್ಲೇ ಯಾಕ ಹೇಳಲಿಲ್ಲೋ ಅಂತ ನಾ ಬೈದೆ. ಅವರು ಆ ಅಂಗಡ್ಯಾಗ ದಿನಾ ಕೂಡಬೇಕಲ್ಲ, ಅಂದ."

ಬಂದಗಿಸಾಬನಿಗೆ ತಲೆ ಎತ್ತಲಾಗಲಿಲ್ಲ. "ಎಲ್ಲಿ ಅದಾನ್ರಿ ಹುಡುಗ? ಅವನ ಕಾಲ ಹಿಡೀತೇನಿ."

"ಮೊನ್ನಿ ಶುಕ್ರವಾರ ದೇವಣಗಾಂವದ ಹುಡುಗಿ ಜೋಡಿ ಅವನ ನಿಕಾ ಆತರಿ. ನಿನ್ನೆ ಹಡಗಕ್ಕ ಹೋದ."

ಆಲಮೇಲದಲ್ಲಿ ಬಸ್ಸಿಳಿದಾಗ ಮಧ್ಯಾಹ್ನ. ಅಂಗಡಿ ತುಂಬಿತ್ತು. "ಬರ್ರಿ ಹಡಗದ ಸಾಹೇಬ್ರ," ಎಂದು ಸಿದ್ದರಾಯ ಜಾಗ ಮಾಡಿದ. ಬಂದಗಿಸಾಬ ಕೂಡಲಿಲ್ಲ.

"ಹಡಗದ ಮ್ಯಾಲ ವಿಮಾನ ಇಳೀತಾವ," ಎಂದ. "ಆ ಹುಡುಗ ಖರೇ ಹೇಳಿದ್ದ. ಸುಳ್ಳ ಹೇಳಿದಾವ ನಾ. ಮೂರು ವರ್ಷ ಕೆಳಗ ಕಲ್ಲಿದ್ದಲು ಹಾಕಿದೆ. ಲಡಾಯಿ ನಾ ನೋಡೇ ಇಲ್ಲ."

ಯಾರೂ ನಗಲಿಲ್ಲ. ಸಿದ್ದರಾಯ ಚಹಾ ಸೋಸುವುದನ್ನು ನಿಲ್ಲಿಸಿದ.

ಅವನಿಗಿಂತ ಮೊದಲೇ ಅಂಗಡಿಯ ಸುದ್ದಿ ಮನೆ ಮುಟ್ಟಿತ್ತು. ಶಮ್ಶುನ್ನೀಸಾ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು.

"ಅವರ ನಿಕಾ ಆಗೇತೇನು?"

"ಆಗೇತಿ."

ಅವಳು ರೊಟ್ಟಿ ಬುಟ್ಟಿಯನ್ನು ಅವನ ಮುಂದೆ ಸರಿಸಿದಳು. ಅವಳ ಕಣ್ಣೀರನ್ನು ಅವನು ಕಂಡದ್ದು ಆಗಲೇ.

"ಇವತ್ತ ಅಂಗಡ್ಯಾಗ ಹೇಳಿದ್ದನ್ನ ಅವತ್ತ ಹೇಳಬೇಕಿತ್ತು, ಅಬ್ಬಾ," ಎಂದಳು.