ರಂಧ್ರಕ್ಕೆ ಅಡ್ಡವಿದ್ದ ಎಲುಬು

ನಾನೊಂದು ತಲೆಬುರುಡೆ. ಹೌಹಾರಬೇಡಿ, ಯಾರನ್ನೂ ಹೆದರಿಸುವ ಚಟ ನನಗಿಲ್ಲ. ಗುರವ್ವ ಎಂಬ ಹೆಣ್ಣುಮಗಳ ಜೊತೆಗೇ ಹುಟ್ಟಿ, ಅವಳ ಜೊತೆಗೇ ಬೆಳೆದೆ. ಎಲ್ಲ ಬುರುಡೆಗಳ ಬುಡದಲ್ಲೂ ನರಗಳು, ರಕ್ತನಾಳಗಳು ಹಾದುಹೋಗಲು ಸಣ್ಣಪುಟ್ಟ ರಂಧ್ರಗಳಿರುತ್ತವೆ. ಆದರೆ ಎಲ್ಲರಲ್ಲೂ ಅವು ಒಂದೇ ತರಹ ಇರುವುದಿಲ್ಲ. ನನ್ನ ಬಲಗಡೆ, ಕೆಳದವಡೆಯ ನರ ಇಳಿದುಬರುವ ಮೊಟ್ಟೆಯಾಕಾರದ ರಂಧ್ರದ ಬಾಯಲ್ಲಿ, ಒಂದು ನಾರು ಗಟ್ಟಿಯಾಗಿ ತೆಳ್ಳನೆಯ ಎಲುಬಾಗಿತ್ತು. ಬಾಗಿಲಿಗೆ ಅಗುಳಿ ಹಾಕಿದ ಹಾಗೆ ಅಡ್ಡ ನಿಂತಿತ್ತು. ಅದು ಅಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಗುರವ್ವ ಹುಬ್ಬಳ್ಳಿ ಕಡೆಯ ಒಂದು ಊರಲ್ಲಿ ಖಾನಾವಳಿ ನಡೆಸುತ್ತಿದ್ದಳು. ಅವಳ ಜೋಳದ ರೊಟ್ಟಿಗೆ ಜನ ಮುಗಿಬೀಳುತ್ತಿದ್ದರು. ನಡುವಯಸ್ಸು ದಾಟಿದ ಮೇಲೆ ಬಲದವಡೆಯಲ್ಲಿ ನೋವು ಶುರುವಾಯಿತು. ಅಂತಿಂಥ ನೋವಲ್ಲ, ತುತ್ತು ಜಗಿದರೆ, ಗಾಳಿ ತಾಗಿದರೆ, ಕರೆಂಟು ಹೊಡೆದ ಹಾಗೆ. ಹಲ್ಲು ಕೀಳಿಸಿದಳು, ಹೋಗಲಿಲ್ಲ. ಊರಿಗೆಲ್ಲ ರೊಟ್ಟಿ ಬಡಿದು ಹಾಕಿ, ತಾನು ಗಂಜಿ ಕುಡಿದು ಮಲಗುತ್ತಿದ್ದಳು. ಅಯ್ಯೋ, ಆ ಸಂಕಟ ನನಗೆ ಗೊತ್ತು.

ಇಟಗಿ ಎಂಬ ಎಳೆವಯಸ್ಸಿನ ಡಾಕ್ಟರು ಧೈರ್ಯ ಹೇಳಿದರು. ಕೆನ್ನೆಯಿಂದ ಉದ್ದನೆಯ ಸೂಜಿ ತೂರಿಸಿ, ಆ ರಂಧ್ರ ಹೊಕ್ಕು ನರಕ್ಕೆ ಮದ್ದು ಕೊಟ್ಟರೆ ನೋವು ನಿಲ್ಲುತ್ತದೆ ಎಂದರು. ಸೂಜಿ ಬಂತು, ಅಡ್ಡ ಎಲುಬಿಗೆ ತಾಗಿ ನಿಂತಿತು. ಹಿಂದೆ ತೆಗೆದರು, ಓರೆ ಮಾಡಿದರು, ಮತ್ತೆ ತಾಗಿತು. ಆಗಿನ ಎಕ್ಸ್-ರೇಯಲ್ಲಿ ಅದು ಕಂಡಿರಲಿಲ್ಲ. ಇಟಗಿಯವರು ಬೆವತುಹೋದರು.

"ನನ್ನ ಕೈ ಸರಿ ಇಲ್ರೀ ಅವ್ವಾರ. ತಪ್ಪು ನಂದ."

"ಇರ್ಲಿ ಬಿಡೋ ಯಪ್ಪಾ. ನನ್ನ ಹಣೇಬರಾನ ಹಂಗೈತಿ. ನೀ ಯಾಕ ಕಣ್ಣಾಗ ನೀರು ತರ್ತಿ?"

ಹಣೆಯಲ್ಲಿ ಏನೂ ಬರೆದಿರಲಿಲ್ಲ. ಹಣೆಯೂ ನನ್ನದೇ ತಾನೆ! ಇಟಗಿಯವರು ಆಮೇಲೆ ಯಾವ ರೋಗಿಗೂ ಆ ಸೂಜಿ ಹಾಕಲಿಲ್ಲ. ಊರನ್ನೇ ಬಿಟ್ಟು ಹೋದರು.

ಗುರವ್ವ ನೋವಿನಲ್ಲೇ ಮುದುಕಿಯಾದಳು. ಕೊನೆಗೆ ದೇಹವನ್ನು ಮೆಡಿಕಲ್ ಕಾಲೇಜಿಗೆ ದಾನ ಮಾಡುತ್ತೇನೆ ಎಂದಳು. ಮಗಳು ಬೇಡವೆಂದು ಅತ್ತಳು.

"ಸತ್ತಮ್ಯಾಗರ ತಗದು ನೋಡ್ಲಿ. ಸೂಜಿ ಯಾಕ ಹೋಗ್ಲಿಲ್ಲಂತ ಗೊತ್ತಾಗ್ಲಿ. ಪಾಪ, ಆ ಡಾಕ್ಟರ ತನ್ನ ತಪ್ಪಂತ ಕೊರಗತಾನ."

ಆ ಮಾತು ಕಾಲೇಜಿನವರೆಗೆ ಬರಲೇ ಇಲ್ಲ. ಅಲ್ಲಿ ಹೆಸರೂ ಉಳಿಯಲಿಲ್ಲ. ದೇಹ ಕೊಯ್ದು ಕಲಿತರು, ಎಲುಬು ತೊಳೆದು ಒಣಗಿಸಿದರು. ನಾನು ವಿದ್ಯಾರ್ಥಿಗಳ ಪೆಟ್ಟಿಗೆ ಸೇರಿದೆ. ಯಾರಾದರೂ ನನ್ನನ್ನು ತಿರುವಿ ಬುಡ ನೋಡಲಿ ಎಂದು ಕಾದೆ.

ಆ ಕಾಲೇಜಿನಲ್ಲಿ ಒಂದು ರೂಢಿ. ಮೌಖಿಕ ಪರೀಕ್ಷೆಯಲ್ಲಿ ಬುರುಡೆಯ ರಂಧ್ರಕ್ಕೆ ಕಸಬರಿಗೆ ಕಡ್ಡಿ ತೂರಿಸಿ, ಅಲ್ಲಿ ಹಾದುಹೋಗುವ ನರದ ಹೆಸರು ಹೇಳಬೇಕು. ಪರೀಕ್ಷೆಯ ಹಿಂದಿನ ದಿನ ಭೂಮಿಕಾ ಎಂಬ ಹುಡುಗಿ ಕಡ್ಡಿ ಹಾಕಿದಳು. ಹೋಗಲಿಲ್ಲ.

"ಏನೋ ಅಡ್ಡ ಐತಲ್ಲೇ ಇಲ್ಲಿ," ಎಂದಳು ಗೆಳತಿಗೆ.

ನೋಡು ತಂಗೀ, ಸರಿಯಾಗಿ ನೋಡು!

"ಒಣಗಿದ ನಾರು ಉಳದಿರತೈತಿ," ಎಂದಳು ಗೆಳತಿ. "ಪುಸ್ತಕದ ಚಿತ್ರದಾಗ ಹಂಗೇನೂ ಇಲ್ಲ. ಕಿತ್ತು ಹಾಕು. ನಾಳೆ ಕಡ್ಡಿ ಸಿಕ್ಕೊಂಡ್ರ ಫೇಲ್ ಆಗ್ತಿ."

ಭೂಮಿಕಾ ಕೈವಾರದ ಮೊನೆ ಹಾಕಿ ಮೀಟಿದಳು. ಟಕ್ಕೆಂದಿತು. ಚೂರುಗಳನ್ನು ಉಫ್ ಎಂದು ಊದಿಬಿಟ್ಟಳು. ಗುರವ್ವ ಯಾವುದಕ್ಕಾಗಿ ದೇಹ ಕೊಟ್ಟಿದ್ದಳೋ ಅದು ಮೇಜಿನಿಂದ ಹಾರಿ ನೆಲದ ಕಸಕ್ಕೆ ಸೇರಿತು.

ಮುಂದಿನ ವರ್ಷ ಅದೇ ವಿದ್ಯಾರ್ಥಿಗಳಿಗೆ ಇಟಗಿಯವರೇ ಪಾಠ ಹೇಳಲು ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಸಾಲಾಗಿಟ್ಟ ಬುರುಡೆಗಳಲ್ಲಿ ರಂಧ್ರ ಚೊಕ್ಕವಾಗಿದೆಯೆಂದು ನನ್ನನ್ನೇ ಆರಿಸಿಕೊಂಡರು. ಆ ಕೈಯನ್ನು ನಾನು ಮರೆತಿರಲಿಲ್ಲ. ಬಲಗಡೆಯಿಂದ ಸೂಜಿ ತೂರಿಸಿದರು. ಒಂದೇ ಸಲಕ್ಕೆ ಒಳಗೆ ಹೋಯಿತು.

ಅವರು ಸೂಜಿ ಹಿಂದೆ ತೆಗೆದು ಮತ್ತೊಮ್ಮೆ ತೂರಿಸಿದರು. ಆಗಲೂ ಹೋಯಿತು.

"ನೋಡ್ರಿ, ಎಷ್ಟು ಸಲೀಸು," ಎಂದರು ವಿದ್ಯಾರ್ಥಿಗಳಿಗೆ. "ಇಷ್ಟು ಸಲೀಸಿನ ಕೆಲಸ ಒಬ್ಬ ತಾಯಿಗೆ ಮಾಡ್ಲಿಕ್ಕೆ ಆಗ್ಲಿಲ್ಲ ನನಗ. ನನ್ನ ಕೈನ ಸರಿ ಇರ್ಲಿಲ್ಲ."

ಎಲ್ಲರೂ ತಲೆ ತಗ್ಗಿಸಿ ಬರೆದುಕೊಂಡರು. ಭೂಮಿಕಾಳೂ.

ಈಗ ನನ್ನನ್ನು ಯಾರೂ ಮುಟ್ಟುವುದಿಲ್ಲ. ಹಲ್ಲು ಉದುರಿವೆ, ದವಡೆಯ ತಂತಿ ಸಡಿಲಾಗಿದೆ. ಕಪಾಟಿನ ಮೂಲೆಯಲ್ಲಿ ಬಾಯಿ ತೆರೆದುಕೊಂಡೇ ಕೂತಿದ್ದೇನೆ. ಇಟಗಿಯವರು ನಿವೃತ್ತರಾದರಂತೆ. ನಾಲಿಗೆಯೊಂದಿದ್ದಿದ್ದರೆ ಅವತ್ತೇ ಹೇಳಿಬಿಡುತ್ತಿದ್ದೆ: ನಿಮ್ಮ ಕೈ ಸರಿಯಾಗೇ ಇತ್ತು, ಡಾಕ್ಟರೇ.