ಗುಡಿಕಟ್ಟೆಯ ಮೇಲೆ ಆಡಿದ ಮಾತು

"ಇದನ್ನ ಎಲ್ಲಿ ಬರೀಲಪ್ಪಾ?"

ಚಳ್ಳಕೆರೆಯ ತರಬೇತಿ ಕೋಣೆಯಲ್ಲಿ ಕೂತು ಯಾರಿಗೂ ಅಲ್ಲದೆ ಕೇಳಿದೆ. ಮುಂದಿದ್ದ ನಮೂನೆಯಲ್ಲಿ ಮೂರೇ ಪ್ರಶ್ನೆ: ಕೆಮ್ಮು ಎಷ್ಟು ದಿನದಿಂದ, ಕಫ ಪರೀಕ್ಷೆ ಆಯಿತೆ, ಮಾತ್ರೆ ನುಂಗುತ್ತಿದ್ದಾರೆಯೆ. ಹನ್ನೊಂದು ವರ್ಷ ಹಟ್ಟಿ ಹಟ್ಟಿ ತಿರುಗಿ ನಾನು ತುಂಬಿದ್ದು ಇದನ್ನೇ. ಈಗ ಕೇಳಿಸಿಕೊಂಡು ಬಂದದ್ದು ನೀರಿನ ಮಾತು.

ನಮ್ಮಂಥ ಕ್ಷಯರೋಗದ ಕಾರ್ಯಕರ್ತೆಯರು ಇನ್ನು ಒಂದೇ ಕಾಯಿಲೆ ಹಿಡಿದು ಕೂರಬಾರದು, ನೀರು, ಹೊಗೆ, ದುಡಿಮೆ ಎಲ್ಲವನ್ನೂ ನೋಡಬೇಕು ಎಂದು ನಾಲ್ಕು ದಿನದ ತರಬೇತಿ. ಕಲಿಸುವವರು ಓಂಕಾರಮೂರ್ತಿ ಸರ್. "ನೀವು ಹೇಳೋದು ನಿಲ್ಲಿಸಿ, ಜನ ಹೇಳೋದು ಕೇಳಿ" ಎಂದಾಗ ಖುಷಿಯಾಗಿತ್ತು. ಕೇಳುವುದೊಂದು ನನಗೆ ಬರುತ್ತದೆ.

ಎರಡನೇ ದಿನ ನನ್ನಿವಾಳದ ಕಡೆಯ ನನ್ನ ತವರು ಹಟ್ಟಿಗೇ ಹೋದೆವು. ಸರ್ ನೆರಳು ನೋಡಿ ದೇವರ ಗುಡಿಯ ಕಟ್ಟೆಯ ಮೇಲೆ ಎಲ್ಲರನ್ನೂ ಕೂರಿಸಿದರು. ಆಗಲೇ ನಾನು ತಡೆಯಬೇಕಿತ್ತು. ಆ ಕಟ್ಟೆಯ ಮೇಲೆ ನಮ್ಮವರು ಹರಟುವುದಿಲ್ಲ. ಅಜ್ಜಿ ಅಲ್ಲಿ ಹಾಡಿನ ಪದ ಎತ್ತಿದರೆ ಮುಗಿಸದೆ ಏಳುತ್ತಿರಲಿಲ್ಲ. ಹೂಂಗುಟ್ಟುತ್ತ ಕೂತ ನನ್ನನ್ನೂ ಏಳಗೊಡುತ್ತಿರಲಿಲ್ಲ. ಅಲ್ಲಿ ಎತ್ತಿದ ಮಾತನ್ನು ದಡ ಸೇರಿಸಲೇಬೇಕು. ಅದು ದೇವರಿಗೆ ಕೊಟ್ಟ ಮಾತು.

"ಏನವ್ವ ರೂಪ, ಈ ಸಲ ಕೆಮ್ಮು ಕೇಳಲ್ವಾ? ಕೆಮ್ಮಾಕೆ ರೆಡಿಯಾಗಿ ಬಂದಿದ್ದೆ" ಎಂದು ಕ್ಯಾತಣ್ಣ ಮಾವ ಎಲ್ಲರನ್ನೂ ನಗಿಸಿದ.

ಪಾತಮ್ಮ ದೊಡ್ಡವ್ವ ನಗಲಿಲ್ಲ. ಮಡಚಲಾಗದ ಕಾಲನ್ನು ಚಾಚಿಯೇ ಕೂತಿದ್ದಳು. "ಬೋರಿನ ನೀರು ಕುಡ್ದು ಕುಡ್ದು ಹಿಂಗಾತು. ಹುಡುಗ್ರ ಹಲ್ಲು ನೋಡ್ರಿ, ಎಲ್ಲಾ ಕಂದು. ಶುದ್ಧ ನೀರಿನ ಮಿಷನ್ನು ಯುಗಾದಿಯಿಂದ ಕೆಟ್ಟು ಕೂತೈತೆ. ಮಾಡಿಸ್ಕೊಡ್ತೀರಾ ಸಾರ್?"

"ಆಯ್ತಮ್ಮ, ಮಾಡಿಸೋಣ" ಎಂದರು ಸರ್, ಬಸ್ಸಿನ ಹೊತ್ತು ನೋಡುತ್ತ.

ದೊಡ್ಡವ್ವ ಗುಡಿಯ ಕಡೆ ತಿರುಗಿ ಕೈ ಮುಗಿದಳು. ಆಮೇಲೆ ನನ್ನನ್ನು ನೋಡಿದಳು.

ಈಗ ತರಬೇತಿ ಕೋಣೆಯಲ್ಲಿ ಸರ್ ನನ್ನ ನಮೂನೆಯ ಕೆಳತುದಿಗೆ ಬೆರಳಿಟ್ಟರು. "ಇಲ್ಲಿ 'ಇತರೆ' ಅಂತ ಬರೆದುಬಿಡಿ."

"ಇದನ್ನ ಯಾರು ಓದ್ತಾರೆ ಸಾರ್? ಮಿಷನ್ ರಿಪೇರಿಗೆ ನೀವೊಂದು ಪತ್ರ ಕೊಡಿ. ಪಂಚಾಯ್ತಿಗೆ ನಾನೇ ತಗೊಂಡು ಹೋಗ್ತೀನಿ."

"ನೀರು ನಮ್ಮ ಇಲಾಖೆಗೆ ಬರಲ್ಲಮ್ಮ. ಸದ್ಯಕ್ಕೆ ನಾವು ಕಲೀತಿದೀವಿ ಅಷ್ಟೆ."

ಪಕ್ಕದಲ್ಲಿದ್ದ ಪುಷ್ಪಲತಾ ಪಿಸುಗುಟ್ಟಿದಳು: "ಹೋದ ವರ್ಷದ ತರಬೇತೀಲೂ 'ಇತರೆ' ಅಂತಲೇ ಬರ್ದಿದ್ದೆ ಕಣೆ. ಸರ್ಟಿಫಿಕೇಟು ಚೆನ್ನಾಗೇ ಕೊಟ್ರು."

ಕೊನೆಯ ದಿನ ಊಟದ ಹೊತ್ತಿಗೆ ದೊಡ್ಡವ್ವನ ಫೋನು. "ಆ ಸಾರ್ ಯಾವಾಗ ಬರ್ತಾರವ್ವ? ಮಿಷನ್ ಮುಂದೆ ಕಸ ಹೊಡ್ದು ಇಟ್ಟೀವಿ. ಕಟ್ಟೆ ಮೇಲೆ ಆಡಿದ ಮಾತು, ತಪ್ಪಾಕಿಲ್ಲ ಬಿಡು."

ತಟ್ಟೆಯ ಅನ್ನ ಹಾಗೇ ಆರಿತು.

ಸಂಜೆ ಸರ್ಟಿಫಿಕೇಟು ಕೊಡುತ್ತ ಸರ್ ನನ್ನನ್ನು ನಿಲ್ಲಿಸಿಕೊಂಡರು. "ರೂಪ, ಮುಂದಿನ ವಾರ ಮೊಳಕಾಲ್ಮೂರಿನ ತಂಡ ಬರುತ್ತೆ. ನಿಮ್ಮ ಹಟ್ಟಿ ಜನ ಎಷ್ಟು ಮನಸ್ಸು ಬಿಚ್ಚಿ ಮಾತಾಡಿದ್ರು. ಅದೇ ಕಟ್ಟೆ ಮೇಲೆ ಇನ್ನೊಂದು ಸಲ ಸೇರಿಸಿಕೊಡ್ತೀರಾ? ನಿಮ್ಮವರೇ ಅಲ್ವಾ."

"ಇಲ್ಲ ಸಾರ್" ಎಂದೆ. "ನಾನು ಸೇರಿಸಿಕೊಡಲ್ಲ."